ಬೀರುವಿನ ಹಿಂದಿನ ಸೀಳು

ಆ ಮನೆ ನಮಗೆ ಇಷ್ಟವಾಗಿದ್ದು ಅಂಗಳದ ಕರಿಬೇವಿನ ಗಿಡದಿಂದ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ. ನಾನು ಇಪ್ಪತ್ತು ವರ್ಷದಿಂದ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಚೀಲಕ್ಕೆ ನೂರು ಗ್ರಾಂ ಕಡಿಮೆ ಬಂದರೂ ಯಾಕೆ ಅಂತ ಕೇಳುವವನು. ಅಂಥವನು 72 ಲಕ್ಷದ ಮನೆ ನೋಡಲು ಹೋಗಿ, ಕರಿಬೇವಿನ ಎಲೆ ಕಿತ್ತು ಮೂಸಿ, 'ಗಾಳಿ ಬೆಳಕು ಚೆನ್ನಾಗಿದೆ' ಅಂದು ಎದ್ದು ಬಂದಿದ್ದೆ.

2025ರ ಯುಗಾದಿ ಮುಗಿದ ವಾರ ಅದು. ದಾವಣಗೆರೆಯ ಹದಡಿ ರಸ್ತೆ ಕಡೆ, 30–50ರ ಸೈಟು. ಕೆಳಗಿನ ಮನೆ ಕಟ್ಟಿದ್ದು 1996ರಲ್ಲಿ. ಮೇಲಿನ ಮಹಡಿ 2009ರದ್ದು. ಮನೆಯವರು ನಿವೃತ್ತ ದಂಪತಿ. ಮಗ ಬೆಂಗಳೂರಿಗೆ ಕರೆಯುತ್ತಿದ್ದ, ಹೊರಡಲು ಸಿದ್ಧರಾಗಿದ್ದರು. ಏಜೆಂಟ್ ಮಾತ್ರ ನಿಂತ ಕಾಲಲ್ಲಿ ಅವಸರ ಮಾಡುತ್ತಿದ್ದ. "ಇನ್ನೂ ಎರಡು ಪಾರ್ಟಿ ಕಾಯಾಕ ಹತ್ಯಾರ್ರಿ, ಇವತ್ತೇ ಟೋಕನ್ ಹಾಕಿಬಿಡ್ರಿ" ಅಂದ.

ಐದು ಲಕ್ಷ ಮುಂಗಡ ಕೊಟ್ಟು ಕರಾರು ಬರೆಸಲು ನಾನು ತಯಾರಿದ್ದೆ. ತಡೆದದ್ದು ನಮ್ಮ ಮಾವ. ಜಗಳೂರು ಕಡೆಯ ರೈತರು. "ಎತ್ತು ತರೋವಾಗ ಹಲ್ಲು ನೋಡ್ತೀವಿ, ನಡೆಸಿ ನೋಡ್ತೀವಿ, ನೊಗ ಹೂಡಿ ನೋಡ್ತೀವಿ. ಇದಕ್ಕೆ ಏನೂ ಬೇಡ್ವಾ?" ಅಂದರು. ಕೊನೆಗೆ 25 ಸಾವಿರ ಮಾತ್ರ ಟೋಕನ್ ಕೊಟ್ಟೆವು. ಜೊತೆಗೆ ಒಂದು ಹಾಳೆಯಲ್ಲಿ, 'ಎಂಜಿನಿಯರ್ ಪರೀಕ್ಷೆ ಮತ್ತು ವಕೀಲರ ಅಭಿಪ್ರಾಯ ಬಂದ ಮೇಲೆ ಬೇಡವೆನಿಸಿದರೆ ಹಣ ವಾಪಸ್' ಅಂತ ಬರೆದು ಇಬ್ಬರೂ ಸಹಿ ಮಾಡಿದೆವು. ಆ ಒಂದು ಸಾಲಿಗೆ ಎಷ್ಟು ಬೆಲೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಎಂಜಿನಿಯರ್‌ಗಿಂತ ಮೊದಲು ಬಂದವರು ನಮ್ಮ ದೊಡ್ಡಪ್ಪ, ಕೈಯಲ್ಲಿ ದಿಕ್ಸೂಚಿ ಹಿಡಿದು. ಹತ್ತೇ ನಿಮಿಷದಲ್ಲಿ ಮನೆಯ ಜಾತಕ ಹೇಳಿ ಮುಗಿಸಿದರು. ಅಡುಗೆಮನೆ ಪರವಾಗಿಲ್ಲ, ಮೆಟ್ಟಿಲು ಸ್ವಲ್ಪ ತಪ್ಪು. ಆದರೆ ಈಶಾನ್ಯದಲ್ಲಿ ನೀರಿನ ಸಂಪು ಇದೆ, ಅದೊಂದೇ ಸಾಕು, ಕಣ್ಣುಮುಚ್ಚಿ ತಗೋ ಅಂದರು. ಈ ಮಾತು ನೆನಪಿಟ್ಟುಕೊಳ್ಳಿ.

ಎಂಜಿನಿಯರ್ ಹಳೇ ಕಟ್ಟಡಗಳ ದುರಸ್ತಿ ಮಾಡಿಸುವವರು. ಅರ್ಧ ದಿನದ ಕೆಲಸಕ್ಕೆ ಒಂಬತ್ತು ಸಾವಿರ ಕೇಳಿದರು. ಜಾಸ್ತಿ ಅನ್ನಿಸಿತು. ಬ್ಯಾಂಕಿನವರು ಹೇಗೂ ಒಬ್ಬರನ್ನು ಕಳಿಸ್ತಾರಲ್ಲ ಅಂದೆ. "ಅವರು ಬರೋದು ಬ್ಯಾಂಕಿನ ದುಡ್ಡು ಮುಳುಗುತ್ತಾ ಅಂತ ನೋಡೋಕೆ ಸಾರ್, ನಿಮ್ಮದಲ್ಲ" ಅಂದರು. ಸರಿ ಅಂತ ಒಪ್ಪಿಕೊಂಡೆ.

ಅವರ ಚೀಲದಲ್ಲಿ ಟಾರ್ಚು, ಸಣ್ಣ ಸುತ್ತಿಗೆ, ಟೇಪು, ಮೇಸ್ತ್ರಿಗಳ ನೀರಿನ ಲೆವೆಲ್ ಪೈಪು, ಟೆಸ್ಟ್ ಲ್ಯಾಂಪು, ಒಂದು ಸ್ಪ್ರೇ ಬಾಟಲಿ ಇದ್ದವು. ಇವೆಲ್ಲಕ್ಕಿಂತ ಮೊದಲು ಅಂಗಿ ಜೇಬಿನಿಂದ ಒಂದು ಗೋಲಿ ತೆಗೆದರು. ಹುಡುಗರು ಆಡುವ ಗಾಜಿನ ಗೋಲಿ. ಪ್ರತಿ ಕೋಣೆಯ ನಡುವೆ ಇಟ್ಟು ಕೈ ಬಿಟ್ಟರು. ಹಾಲ್‌ನಲ್ಲಿ ಅದು ನಿಂತಲ್ಲೇ ನಿಂತಿತು. ಈಶಾನ್ಯದ ಮಲಗುವ ಕೋಣೆಯಲ್ಲಿ ಇಟ್ಟಾಗ ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ, ಮೆಲ್ಲಗೆ ಮೂಲೆ ಕಡೆ ಉರುಳಿತು. ಹೋಗಿ ಬೀರುವಿನ ಕಾಲಿಗೆ ಟಕ್ ಅಂತ ತಾಗಿತು.

"ಈ ಬೀರು ಸರಿಸಬೇಕಲ್ರೀ" ಅಂದರು.

ಮನೆಯಾಕೆಗೆ ಇದು ಇಷ್ಟವಾಗಲಿಲ್ಲ. ಅದು ಗೋದ್ರೇಜ್ ಬೀರು, ಸೀರೆ, ಬೆಳ್ಳಿ, ಕಾಗದಪತ್ರ ಎಲ್ಲ ಅದರಲ್ಲೇ. ಒಂದು ಗಂಟೆ ಹಿಡಿಯಿತು ಖಾಲಿ ಮಾಡಲು. ನಾನು, ಎಂಜಿನಿಯರ್, ಮನೆಯ ಯಜಮಾನರು ಮೂವರೂ ಸೇರಿ ತಳ್ಳಿದೆವು. ಹಿಂದೆ ಕಿಟಕಿಯ ಮೂಲೆಯಿಂದ ತಾರಸಿವರೆಗೆ ಓರೆಯಾಗಿ ಒಂದು ಸೀಳು. ಮೇಲೆ ಹೋದಂತೆ ಅಗಲ. ಒಂದು ರೂಪಾಯಿ ನಾಣ್ಯ ನಿಲ್ಲಿಸಿ ಹಿಡಿದರೆ ಒಳಗೆ ಹೋಗುತ್ತಿತ್ತು.

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಯಜಮಾನರ ಮುಖ ನೋಡಿದೆ. ಅವರು ಸೀಳನ್ನೇ ನೋಡುತ್ತಿದ್ದರು. "ಬಣ್ಣ ಹೊಡಿಸಿದಾಗೆಲ್ಲ ತುಂಬಿಸ್ತಿದ್ವಿ. ಮತ್ತೆ ಬಿಡ್ತಿತ್ತು. ಎರೆ ನೆಲ ಅಲ್ವಾ, ಯಾರ ಮನ್ಯಾಗಿಲ್ಲ ಹೇಳ್ರಿ" ಅಂದರು. ನಮ್ಮಿಂದ ಮುಚ್ಚಿಡಲು ಬೀರು ಇಟ್ಟಿದ್ದರು ಅಂತ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ದಿನಾ ಕಾಣಬಾರದು ಅಂತ ತಮ್ಮ ಕಣ್ಣಿನಿಂದಲೇ ಮುಚ್ಚಿಟ್ಟುಕೊಂಡಿದ್ದರು.

ಎಂಜಿನಿಯರ್ ಟಾರ್ಚನ್ನು ಗೋಡೆಗೆ ಒರಗಿಸಿ ಬೆಳಕು ಅಡ್ಡ ಬೀಳುವಂತೆ ಹಿಡಿದರು. ಸೀಳಿನ ಒಳಗೆ ಉಗುರಿನಿಂದ ಕೆರೆದು ತೋರಿಸಿದರು. ಒಳಗೆ ಹಳೇ ಹಸಿರು ಬಣ್ಣ, ಅದರ ಮೇಲೆ ಸೀಳು ತುಂಬಲು ಮೆತ್ತಿದ ಪಟ್ಟಿ, ಪಟ್ಟಿಯೂ ಸೀಳಿ ಅದರೊಳಗೆ ಕೆನೆ ಬಣ್ಣ, ಅದರ ಮೇಲೆ ಮತ್ತೆ ಪಟ್ಟಿ. ಹಸಿರು ಬಣ್ಣದ ಕಾಲಕ್ಕೇ ಸೀಳಿತ್ತು. ಕೆನೆ ಬಣ್ಣದ ಕಾಲಕ್ಕೆ ಮತ್ತೆ ಬಿಟ್ಟಿತ್ತು. ಈಗಿನ ಅಂಚು ಮಾತ್ರ ಚೂಪಾಗಿ, ಬಣ್ಣವಿಲ್ಲದೆ ಬೆಳ್ಳಗಿತ್ತು. ಅಂದರೆ ಹಳೇ ಸೀಳು, ಆದರೆ ಇನ್ನೂ ಜೀವ ಇದೆ.

ಎರೆ ಮಣ್ಣಿನ ಬಗ್ಗೆ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಈ ಮಣ್ಣಿನಿಂದಲೇ ಇಲ್ಲಿ ಹತ್ತಿ ಬೆಳೆಯಿತು. ಹತ್ತಿಯಿಂದ ಮಿಲ್ಲುಗಳು ಬಂದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರೂ ಬಂತು. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಬೇಸಿಗೆಯಲ್ಲಿ ಮಾವನ ಹೊಲದಲ್ಲಿ ಮೇಕೆ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕು ಬಿಡುತ್ತೆ. ಅದೇ ಮಣ್ಣಿನ ಮೇಲೆ ಮನೆಯೂ ಕೂತಿರುತ್ತೆ ಅನ್ನುವುದು ಮಾತ್ರ ನನಗೆ ಹೊಳೆದಿರಲಿಲ್ಲ. "ಇಡೀ ಮನೆ ಒಂದೇ ಸಮ ಏರಿ ಇಳಿದರೆ ಏನೂ ಆಗಲ್ಲ ಸಾರ್. ಒಂದು ಮೂಲೆ ಒಂದು ಥರ, ಇನ್ನೊಂದು ಮೂಲೆ ಇನ್ನೊಂದು ಥರ ಆದಾಗ ಗೋಡೆ ಸೀಳೋದು" ಅಂದರು ಎಂಜಿನಿಯರ್.

ಪಾಯ ಎಷ್ಟು ಆಳ ಇದೆ ಅಂತ ನೋಡಲು ಗೋಡೆ ಪಕ್ಕ ಗುಂಡಿ ತೆಗೆಸಬೇಕು ಅಂದರು. ಯಜಮಾನರು ಒಪ್ಪಲು ಎರಡು ದಿನ ತಗೊಂಡರು. ಒಬ್ಬ ಆಳು, ಹಾರೆ, ಸಲಿಕೆ. ಪಶ್ಚಿಮದ ಕಡೆ ಮೊದಲು ಅಗೆದ. ಏಪ್ರಿಲ್ ಬಿಸಿಲಿಗೆ ಮಣ್ಣು ಕಲ್ಲಾಗಿತ್ತು, ಹಾರೆ ಹಾಕಿದರೆ ಹೆಂಟೆ ಹೆಂಟೆಯಾಗಿ ಎದ್ದು ಬಂತು. ಆಮೇಲೆ ಈಶಾನ್ಯದ ಮೂಲೆ. ಅಲ್ಲಿ ಒಂದೂವರೆ ಅಡಿ ಇಳಿಯುತ್ತಲೇ ಮಣ್ಣು ಸಲಿಕೆಗೆ ಅಂಟಿಕೊಂಡಿತು. ಆಳು ಅದನ್ನು ಬೆರಳಿನಿಂದ ಬಿಡಿಸಿ ಉಂಡೆ ಕಟ್ಟಿ ನನ್ನ ಕೈಗೆ ಕೊಟ್ಟ. ತಣ್ಣಗಿತ್ತು. ಕಣಕದ ಹಿಟ್ಟಿನ ಹಾಗೆ ಮೆತ್ತಗಿತ್ತು. ಹೊರಗೆ ತಲೆ ಸುಡುವ ಬಿಸಿಲು, ಕೆಳಗೆ ಈ ಹಸಿ.

ಸೈಜುಗಲ್ಲಿನ ಪಾಯ ಮೂರೂವರೆ ಅಡಿಗೆ ನಿಂತಿತ್ತು. ಅದರ ಕೆಳಗೂ ಎರೆಯೇ. ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ಸಿಕ್ಕಿದ್ದು ಆರಡಿಗೆ. ಎರೆ ನೆಲದಲ್ಲಿ ಗರಸು ಸಿಗುವತನಕ ಇಳಿಯಬೇಕು, ಇಲ್ಲವೇ ಕೆಳಗೆ ಬುಡ ಅಗಲ ಇರುವ ಪೈಲ್, ಅಂದರೆ ನೆಲದೊಳಗೆ ಇಳಿಯುವ ಕಾಂಕ್ರೀಟ್ ಕಂಬ, ಹಾಕಿ ಮೇಲೆ ಬೀಮ್ ಕಟ್ಟಬೇಕು. ಈ ಮನೆಗೆ ಎರಡೂ ಆಗಿರಲಿಲ್ಲ.

ಇದು ಒಂದಾಯಿತು. ಮೇಲಿನ ಮಹಡಿಯ ಹಾಲ್‌ನಲ್ಲಿ ಪಿಒಪಿ ಸೀಲಿಂಗ್ ಇತ್ತು, ಹೂವಿನ ಡಿಸೈನು, ಸಣ್ಣ ಸಣ್ಣ ದೀಪ. ನಮ್ಮ ಮಗಳಿಗೆ ಬಹಳ ಮೆಚ್ಚುಗೆಯಾಗಿದ್ದೇ ಅದು. ಎಂಜಿನಿಯರ್ ಒಂದು ದೀಪ ಬಿಚ್ಚಿ, ಆ ತೂತಿನಲ್ಲಿ ಮೊಬೈಲ್ ತೂರಿಸಿ ವಿಡಿಯೋ ತೆಗೆದರು. ತಾರಸಿಯ ಒಳಮೈ ಅಲ್ಲಲ್ಲಿ ಉದುರಿ, ತುಕ್ಕು ಹಿಡಿದ ಸರಳುಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ನಾವು ನಾಲ್ವರೂ ಆ ಸಣ್ಣ ಪರದೆ ಮೇಲೆ ಬಗ್ಗಿ ನೋಡಿದೆವು. ಯಾರೂ ಮಾತಾಡಲಿಲ್ಲ.

ಬಾಲ್ಕನಿಯ ಅಂಚನ್ನು ಸ್ವಲ್ಪ ಒಡೆದು, ಧೂಳು ಊದಿ, ಸ್ಪ್ರೇ ಬಾಟಲಿಯಿಂದ ಒಂದು ನೀರು ಹೊಡೆದರು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. "ಫಿನಾಫ್ತಲೀನ್ ಅಲ್ವಾ?" ಅಂದಳು. ಎಂಜಿನಿಯರ್‌ಗೆ ಖುಷಿಯಾಯಿತು. ಅವತ್ತು ಅಲ್ಲಿ ಖುಷಿಯಾಗಿದ್ದು ಅವರಿಬ್ಬರೇ. ಕಾಂಕ್ರೀಟಿನಲ್ಲಿ ಕ್ಷಾರ ಉಳಿದಿದ್ದರೆ ಈ ನೀರು ರಾಣಿ ಬಣ್ಣಕ್ಕೆ ತಿರುಗುತ್ತೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಆ ಕ್ಷಾರವನ್ನು ತಿಂದುಬಿಡುತ್ತೆ. ಕ್ಷಾರ ಹೋದರೆ ಸರಳಿಗೆ ಕಾವಲು ಇಲ್ಲ. ತುಕ್ಕು ಹಿಡಿಯುತ್ತೆ, ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತೆ, ಕಾಂಕ್ರೀಟನ್ನು ಒಳಗಿನಿಂದಲೇ ಒದ್ದು ಬೀಳಿಸುತ್ತೆ. ಬಾಲ್ಕನಿಯಲ್ಲಿ ಒಂದಿಂಚು ಆಳದವರೆಗೂ ಬಣ್ಣ ಬರಲಿಲ್ಲ. ಸರಳು ಇದ್ದದ್ದು ಅದಕ್ಕಿಂತ ಕಡಿಮೆ ಆಳದಲ್ಲಿ. ಆದರೆ ಕೆಳಮನೆಯ ಬೀಮಿಗೆ ಹೊಡೆದಾಗ ಮಾತ್ರ ಮೇಲಿನ ಎರಡು ಮೂರು ಮಿಲಿಮೀಟರ್ ಬಿಟ್ಟರೆ ಚೆಂದದ ಗುಲಾಬಿ. ಹಳೇ ಮನೆ ಗಟ್ಟಿ, ಹೊಸ ಮಹಡಿ ಹುಳುಕು. ಕೆಲಸದಲ್ಲಿ ಮೋಸ ಆಗಿದ್ದು 2009ರಲ್ಲಿ.

ಉಳಿದವು ಸಣ್ಣಪುಟ್ಟವು. ಮೂರು ಪಿನ್ನಿನ ಸಾಕೆಟ್‌ಗಳಲ್ಲಿ ಅರ್ಥಿಂಗ್ ತಂತಿ ಎಲ್ಲಿಗೂ ಸೇರಿರಲಿಲ್ಲ, ಸುಮ್ನೆ ಸಿಕ್ಕಿಸಿದ್ದರು. ಸೈಟಿನ ಅಗಲ ಪತ್ರದಲ್ಲಿ 30 ಅಡಿ, ಟೇಪಿನಲ್ಲಿ 29 ಅಡಿ 2 ಇಂಚು. ಮೇಲಿನ ಮಹಡಿ ಮಂಜೂರಾದ ನಕ್ಷೆಯಲ್ಲೇ ಇರಲಿಲ್ಲ, ಆದರೆ ಅದು ನಮಗೆ ಗೊತ್ತಾಗಿದ್ದು ಕೊನೆಗೆ. ಅದರ ಕಥೆ ಮುಂದೆ ಬರುತ್ತೆ.

ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. 'ಬೇಡ ಬಿಡು, ಟೋಕನ್ ವಾಪಸ್ ತಗೊಳ್ಳೋಣ' ಅಂದೆ. ಹೆಂಡತಿಯೂ ಹೂಂ ಅಂದಳು. ಮಾವನಿಗೆ ಫೋನ್ ಮಾಡಿದರೆ ಅವರದು ಬೇರೆಯೇ ರಾಗ. "ಬೇಡ ಅನ್ನೋಕೆ ಯಾವಾಗ ಬೇಕಾದ್ರೂ ಆಗುತ್ತೆ. ಬೇಸಿಗ್ಯಾಗ ಆ ಮೂಲ್ಯಾಗ ಹಸಿ ಎಲ್ಲಿಂದ ಬಂತು ಅಂತ ಮೊದ್ಲು ತಿಳ್ಕೊ" ಅಂದರು. ಇಷ್ಟು ಗಲಾಟೆಯಲ್ಲಿ ಈ ಪ್ರಶ್ನೆ ಮಾತ್ರ ನಾನು ಕೇಳಿಕೊಂಡಿರಲಿಲ್ಲ.

ಎಂಜಿನಿಯರ್ ಸೀಳು ಇನ್ನೂ ಚಲಿಸುತ್ತಿದೆಯೋ ಇಲ್ಲವೋ ನೋಡೋಣ ಅಂದರು. ಅದಕ್ಕೆ ತೆಳ್ಳಗಿನ ಗಾಜಿನ ಚೂರು ಬೇಕು. ಸೀಳಿನ ಎರಡೂ ಬದಿಗೆ ಸೇರುವಂತೆ ಅಡ್ಡ ಅಂಟಿಸಬೇಕು. ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತೆ, ಅಷ್ಟೇ. ಹೆಂಡತಿ ತನ್ನ ಲ್ಯಾಬಿನಿಂದ ಗೀಚು ಬಿದ್ದ ಹಳೇ ಸ್ಲೈಡುಗಳನ್ನು ತಂದಳು, ಮೈಕ್ರೋಸ್ಕೋಪಿನ ಕೆಳಗೆ ಈರುಳ್ಳಿ ಪೊರೆ ಇಟ್ಟು ತೋರಿಸುತ್ತಾರಲ್ಲ, ಅವು. ಏಪ್ರಿಲ್ 13, ಭಾನುವಾರ. ಬಣ್ಣ ಕೆರೆದು, ಎರಡು ತುದಿಗೂ ಸಿಮೆಂಟ್ ಮೆತ್ತಿ, ಮೂರು ಸ್ಲೈಡ್ ಕೂರಿಸಿದರು. ಪಕ್ಕದಲ್ಲಿ ಮಾರ್ಕರ್‌ನಿಂದ ತಾರೀಖು ಬರೆದರು. ಮನೆಗೆ ಇಂಜೆಕ್ಷನ್ ಕೊಟ್ಟು ಕಾಯುವ ಹಾಗೆ ಕಾಯುವುದು ಶುರುವಾಯಿತು.

ಏಜೆಂಟ್‌ಗೆ ಸಿಟ್ಟು ಬಂತು. ಅವನ ಇನ್ನೊಂದು ಪಾರ್ಟಿ ನಿಜವಾಗಿಯೂ ಇತ್ತು. ಅವರು ಬಂದು ಗೋಡೆ ಮೇಲಿನ ಗಾಜು ನೋಡಿ ಇದೇನು ಅಂತ ಕೇಳಿ, ಮತ್ತೆ ಬರಲಿಲ್ಲವಂತೆ. "ನೀವು ಮನಿಗೆ ಬ್ಯಾಂಡೇಜ್ ಕಟ್ಟಿಬಿಟ್ರಿ, ಇನ್ನ್ ಯಾರ್ ತಗಂತಾರ್ರಿ ಇದನ್ನ" ಅಂದ. ಅವನ ಮಾತಲ್ಲಿ ನ್ಯಾಯ ಇತ್ತು. ಆದರೆ ಆ ಬ್ಯಾಂಡೇಜಿನಿಂದಲೇ ನಮಗೆ ಸಮಯ ಸಿಕ್ಕಿತು.

ಮೇ 4ರ ಬೆಳಿಗ್ಗೆ ಮನೆಯಾಕೆಯ ಫೋನು. "ನಿಮ್ಮ ಗಾಜು ಒಡದೈತ್ರಿ. ಮಳೆ ಇಲ್ಲ ಏನಿಲ್ಲ, ಹೆಂಗ್ ಒಡೀತು?" ಹೋಗಿ ನೋಡಿದೆವು. ಕಿಟಕಿ ಹತ್ತಿರದ ಸ್ಲೈಡು ಸರಿಯಾಗಿ ಸೀಳಿನ ಮೇಲೆಯೇ ಎರಡಾಗಿತ್ತು, ಬ್ಲೇಡಿನಿಂದ ಕೊಯ್ದ ಹಾಗೆ. ಕಾಫಿ ಕುಡಿಯುತ್ತಾ ಆಕೆ ಬೇರೆ ಏನೋ ಹೇಳುತ್ತಿದ್ದರು. "ಇರೋದು ಇಬ್ಬರೇ. ನೀರು ಬಿಟ್ಟಾಗ ಸಂಪು ತುಂಬಿಸಿದ್ರೆ ನಾಕು ದಿನಕ್ಕೆ ತಳ ಕಾಣ್ತೈತಿ. ಮೊದ್ಲು ಹಿಂಗಿರಲಿಲ್ಲ."

ಎಂಜಿನಿಯರ್ ಲೋಟ ಕೆಳಗಿಟ್ಟರು.

ಅವತ್ತು ರಾತ್ರಿ ಒಂಬತ್ತಕ್ಕೆ ಸಂಪು ತುಂಬಿಸಿ, ನಲ್ಲಿ ಕಟ್ಟಿ, ಮೋಟಾರಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ಒಳಗೋಡೆಗೆ ನೀರಿನ ಮಟ್ಟದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಮುಚ್ಚಳ ಹಾಕಿದೆವು. ಬೆಳಿಗ್ಗೆ ಏಳಕ್ಕೆ ತೆಗೆದು ನೋಡಿದರೆ ನೀರು ಗೆರೆಯಿಂದ ಎರಡಿಂಚು ಕೆಳಗಿತ್ತು. ಸಂಪು ಆರಡಿಗೆ ಐದಡಿ. ಅಲ್ಲೇ ನಿಂತು ಲೆಕ್ಕ ಹಾಕಿದೆ. ಐದು ಘನ ಅಡಿ, ಸುಮಾರು 140 ಲೀಟರ್. ಹತ್ತು ತಾಸಿನಲ್ಲಿ ಒಂಬತ್ತು ಕೊಡ ನೀರು ಪಾಯಕ್ಕೆ ಕುಡಿಸಿದ ಹಾಗಾಯಿತು. ಎಷ್ಟು ವರ್ಷದಿಂದಲೋ. ಪಶ್ಚಿಮದ ಮಣ್ಣು ಪ್ರತಿ ಬೇಸಿಗೆ ಒಣಗಿ ಕುಗ್ಗುತ್ತಿತ್ತು, ಈಶಾನ್ಯದ್ದು ವರ್ಷವಿಡೀ ಕೆಸರು. ದೊಡ್ಡಪ್ಪ ಮೆಚ್ಚಿದ್ದ ಸಂಪು ಇದೇ.

ಯಜಮಾನರು ಸಂಪಿನ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಒಳಗೆ ನೋಡಿದರು. "ನೀರಿನ ಟ್ಯಾಂಕರಿಗೆ ಎಷ್ಟು ದುಡ್ಡು ಸುರಿದೀನಿ ಗೊತ್ತೇನ್ರಿ" ಅಂದರು. ಅವತ್ತಿನಿಂದ ನಮ್ಮ ನಡುವಿನ ಬಿಗುವು ಸ್ವಲ್ಪ ಸಡಿಲವಾಯಿತು. ಅಲ್ಲಿತನಕ ನಾವು ಅವರ ಮನೆಯಲ್ಲಿ ಹುಳುಕು ಹುಡುಕಲು ಬಂದವರಾಗಿದ್ದೆವು.

ಸಂಪು ಖಾಲಿ ಮಾಡಿಸಿ, ಸದ್ಯಕ್ಕೆ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟೆವು. ಅದರ ದುಡ್ಡು ನಾನೇ ಕೊಟ್ಟೆ. ಮನೆ ತಗೊಳ್ಳದಿದ್ದರೆ ಅದು ಹೋದಂತೆ ಅಂತ ಗೊತ್ತಿತ್ತು. ಮೇ 11ಕ್ಕೆ ಹೊಸ ಸ್ಲೈಡುಗಳು. ಎಂಜಿನಿಯರ್ ಎಚ್ಚರಿಕೆ ಹೇಳಿದ್ದರು. ಹಸಿ ಮಣ್ಣು ಒಣಗುವಾಗ ಮತ್ತೆ ಸ್ವಲ್ಪ ಕುಗ್ಗುತ್ತೆ, ಮೊದಲ ವಾರಗಳಲ್ಲಿ ಒಂದು ಒಡೆದರೂ ಗಾಬರಿಯಾಗಬೇಡಿ ಅಂತ. ಹಾಗೇ ಆಯಿತು. ಒಂದು ಸ್ಲೈಡಿಗೆ ಕೂದಲೆಳೆಯ ಗೆರೆ ಬಂತು, ಅಲ್ಲಿಗೇ ನಿಂತಿತು. ಆ ವರ್ಷ ಮಳೆಗೂ ಅವಸರ. ಮೇ 24ಕ್ಕೇ ಮುಂಗಾರು ಕೇರಳಕ್ಕೆ ಕಾಲಿಟ್ಟಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಆ ಮನೆಗೆ ಹೋಗುವುದು ನಮಗೆ ರೂಢಿಯಾಯಿತು. ನಾಲ್ವರೂ ತಿಂದು, ಆಮೇಲೆ ಹೋಗಿ ಗಾಜು ನೋಡುವುದು. ಜುಲೈ 20ರ ತನಕ ಇನ್ನೆರಡು ಸ್ಲೈಡುಗಳು ಹಾಗೇ ಇದ್ದವು.

ಇಷ್ಟಕ್ಕೇ ಧೈರ್ಯ ಮಾಡಬಹುದಾ? ಒಂದು ಪೂರ್ತಿ ವರ್ಷ ನೋಡಬೇಕು, ಒಂದು ಮಳೆಗಾಲ ಒಂದು ಬೇಸಿಗೆ, ಅಂತ ಎಂಜಿನಿಯರ್ ನೇರವಾಗಿಯೇ ಹೇಳಿದರು. ಅಷ್ಟು ಕಾಯಲು ಅವರಿಗೂ ಆಗುತ್ತಿರಲಿಲ್ಲ, ನಮಗೂ ಆಗುತ್ತಿರಲಿಲ್ಲ. ಪಾಯದ ಕೆಳಗೆ ಹೊಸ ಪಾಯ ಕೊಡುವುದು ಲಕ್ಷಗಟ್ಟಲೆ ಖರ್ಚಿನ, ಅಪಾಯದ ಕೆಲಸ. ಅದರ ಬದಲು ನೀರನ್ನು ಪಾಯದಿಂದ ದೂರ ಇಡುವ ದಾರಿ ಹೇಳಿದರು. ಅದು ಸಾಕಾಗುತ್ತೆ ಅಂತ ಬರೆದುಕೊಡಲಿಲ್ಲ. 'ಸಾಕಾಗುವ ಸಾಧ್ಯತೆ ಜಾಸ್ತಿ' ಅಂತ ಬರೆದರು. ನನಗೆ ಆ ಮನುಷ್ಯನ ಮೇಲೆ ನಂಬಿಕೆ ಬಂದದ್ದು ಆ ಸಾಲಿನಿಂದ.

ಖರ್ಚಿನ ಪಟ್ಟಿ ಹೀಗಿತ್ತು: ಹೊಸ ಟ್ಯಾಂಕು, ಪೈಪು, ಮನೆ ಸುತ್ತ ನಾಲ್ಕಡಿ ಅಗಲದ ಕಾಂಕ್ರೀಟ್ ಅಂಚು ಸೇರಿ 1 ಲಕ್ಷ 60 ಸಾವಿರ. ತಾರಸಿ, ಬಾಲ್ಕನಿ ದುರಸ್ತಿಗೆ 2 ಲಕ್ಷ 40 ಸಾವಿರ. ಸೀಳಿಗೆ ಅಡ್ಡ ಸರಳು ಹೊಲಿದು ಮುಚ್ಚಲು 40 ಸಾವಿರ. ವೈರಿಂಗಿಗೆ 90 ಸಾವಿರ. ಒಟ್ಟು 5 ಲಕ್ಷ 30 ಸಾವಿರ.

ಮಾತುಕತೆಗೆ ಕೂತ ದಿನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇತ್ತು. ಪಟ್ಟಿ ಓದುತ್ತಾ ಹೋದಂತೆ ಯಜಮಾನರ ಮುಖ ಬಿಗಿಯಿತು. "ಮೂವತ್ತು ವರ್ಷ ನಾವು ಬಾಳಿದ ಮನಿ. ನೀವು ನಾಕು ತಿಂಗಳಿಗೆ ಅದಕ್ಕ ರೋಗಿ ಅಂತ ಹೆಸರಿಟ್ರಿ" ಅಂದರು. ನಾನು ಎಂಟು ಲಕ್ಷ ಇಳಿಸಿ ಅಂದೆ. ಅವರು ಎರಡು ಅಂದರು. ಆಮೇಲೆ, ತಾವೇ ರಿಪೇರಿ ಮಾಡಿಸಿ ಕೊಡ್ತೀವಿ, ಬೆಲೆ ಹಾಗೇ ಇರಲಿ ಅಂದರು. ಇದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅವರು ಕೆಟ್ಟವರು ಅಂತಲ್ಲ. ಆದರೆ ಬಿಟ್ಟು ಹೋಗುವ ಮನೆಗೆ ಯಾರೂ ಮನಸಿಟ್ಟು ಕೆಲಸ ಮಾಡಿಸುವುದಿಲ್ಲ, ಮತ್ತೆ ಪಟ್ಟಿ ತುಂಬಿ ಬಣ್ಣ ಹೊಡೆಯುತ್ತಾರೆ. ಸರಳಿನ ತುಕ್ಕು ತಿಕ್ಕಿದರೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?

ಮುಗಿಸಿದವರು ಮನೆಯಾಕೆ. "ಗಾಜು ಇಟ್ಟಿರಲಿಲ್ಲ ಅಂದ್ರೆ ನಾವು ಇನ್ನೂ ಟ್ಯಾಂಕರ್ ತರಿಸ್ತಿದ್ವಿ. ಅರವತ್ತಾರೂವರೆ. ಅದರ ಕೆಳಗೆ ಬೇಡ" ಅಂದರು. ಕೈ ಮುಗಿದೆ. ಐದೂವರೆ ಲಕ್ಷ ಇಳಿದಿತ್ತು, ಖರ್ಚು 5 ಲಕ್ಷ 30 ಸಾವಿರ. ಅಂದರೆ ಮನೆ ಮತ್ತೆ ಸೀಳಬಹುದು ಅನ್ನುವ ಭಯಕ್ಕೆ ನನಗೆ ಸಿಕ್ಕಿದ ಪರಿಹಾರ ಇಪ್ಪತ್ತು ಸಾವಿರ.

ಅಷ್ಟೊತ್ತಿಗೆ ಬ್ಯಾಂಕಿನ ಕಡೆಯಿಂದ ಇನ್ನೊಂದು ಪೆಟ್ಟು. ಅವರ ಮೌಲ್ಯಮಾಪಕರು ಹತ್ತು ನಿಮಿಷದಲ್ಲಿ ನೋಡಿ ಹೋದರು. ಬೀರು ಸರಿಸಲಿಲ್ಲ, ಸೀಲಿಂಗಿನ ಕಡೆ ತಲೆ ಎತ್ತಲಿಲ್ಲ. ಆದರೆ ನಕ್ಷೆ ಸರಿಯಾಗಿ ನೋಡಿದ್ದರು. ಮಂಜೂರಾತಿ ಇಲ್ಲದ ಮೇಲಿನ ಮಹಡಿಯನ್ನು ಲೆಕ್ಕಕ್ಕೇ ತಗೊಳ್ಳದೆ 55 ಲಕ್ಷ ಅಂತ ಬರೆದರು. 30ರಿಂದ 75 ಲಕ್ಷದವರೆಗಿನ ಮನೆ ಸಾಲಕ್ಕೆ ಬ್ಯಾಂಕು ಕೊಡಬಹುದಾದ್ದು ಮೌಲ್ಯದ ಶೇಕಡಾ 80ರವರೆಗೆ. ಹಾಗಾಗಿ 44 ಲಕ್ಷ. ನಾನು 53 ಸಿಗುತ್ತೆ ಅಂತ ಕೂತಿದ್ದೆ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಬೇರೆ, ಅದಕ್ಕೆ ಸಾಲ ಇಲ್ಲ. ಮಾವ ಮೆಕ್ಕೆಜೋಳ ಮಾರಿದ ದುಡ್ಡು ತಂದರು. ನಾನು ಚೀಟಿ ಎತ್ತಿದೆ. ಹೆಂಡತಿಯ ಬಳೆ ಅಡವಿಗೆ ಹೋದವು, ಇನ್ನೂ ವಾಪಸ್ ಬಂದಿಲ್ಲ. ಮನೆ ನೋಡಲು ಹೋಗುವ ಮೊದಲ ದಿನವೇ ನಕ್ಷೆ ಕೇಳಿದ್ದರೆ ಈ ಒಂದು ಒದ್ದಾಟ ತಪ್ಪುತ್ತಿತ್ತು. ಗಾಜು ಅಂಟಿಸಿದ ಜಾಣ ಅದನ್ನು ಮಾತ್ರ ಕೊನೆಗೆ ಕೇಳಿದ್ದ.

ವಕೀಲರು ಚಕ್ಕುಬಂದಿಯ ಜೊತೆ ಟೇಪಿನಲ್ಲಿ ಸಿಕ್ಕ ಅಳತೆಯನ್ನೂ ಕ್ರಯಪತ್ರದಲ್ಲಿ ಬರೆಸಿದರು. ಹತ್ತಿಂಚಿನ ಜಗಳ ಮುಂದೆ ಪಕ್ಕದ ಮನೆಯವರ ಜೊತೆ ಬೇಡ ಅಂತ. ಇ-ಖಾತಾ ಬಂದ ಮೇಲೆ ಆಗಸ್ಟ್ ಮೂರನೇ ವಾರ ನೋಂದಣಿಯಾಯಿತು. ಅದೇ ತಿಂಗಳ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತು. ಹತ್ತು ದಿನದ ಅಂತರದಲ್ಲಿ 66,500 ರೂಪಾಯಿ ಉಳಿಯಿತು, ಸುಮ್ನೆ ಅದೃಷ್ಟ. ಅಷ್ಟೇ ಮೊತ್ತಕ್ಕೆ ಯಜಮಾನರ ಜೊತೆ ಇನ್ನೊಂದು ಸಣ್ಣ ಜಗಳವೂ ಆಗಿತ್ತು. 50 ಲಕ್ಷ ದಾಟಿದ ಆಸ್ತಿಗೆ ಕೊಳ್ಳುವವನೇ ಶೇಕಡಾ 1 ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. "ನನ್ನ ದುಡ್ಡು ನೀವ್ಯಾಕ್ ಕಟ್ತೀರಿ?" ಅಂತ ಅವರು ಪಟ್ಟು ಹಿಡಿದರು. ಬೆಂಗಳೂರಿನ ಮಗ ಫೋನಿನಲ್ಲಿ ತಿಳಿಹೇಳಿದ ಮೇಲೆ ಸುಮ್ಮನಾದರು.

ಕೆಲಸ ಸೆಪ್ಟೆಂಬರಿನಲ್ಲಿ ಶುರುವಾಯಿತು. ಪಿಒಪಿ ಪೂರ್ತಿ ಕಿತ್ತಾಗ ವಿಡಿಯೋದಲ್ಲಿ ಕಾಣದ ಇನ್ನೊಂದು ಮೂಲೆಯೂ ಹಾಳಾಗಿತ್ತು. 70 ಸಾವಿರ ಜಾಸ್ತಿ. ಇಪ್ಪತ್ತು ಸಾವಿರದ ಪರಿಹಾರ ಅಲ್ಲಿಗೆ ಮುಗಿಯಿತು. ಹುಳುಕು ಕಾಂಕ್ರೀಟ್ ಕೆತ್ತಿ, ಸರಳನ್ನು ತಂತಿ ಬ್ರಷ್‌ನಿಂದ ಬೆಳ್ಳಗಾಗುವ ತನಕ ತಿಕ್ಕಿ, ತುಕ್ಕು ತಡೆಯುವ ಬಣ್ಣ ಬಳಿದು, ಪಾಲಿಮರ್ ಗಾರೆ ಮೆತ್ತಿದರು. ತಿಕ್ಕುವ ದಿನ ನಾನು ರಜೆ ಹಾಕಿ ಏಣಿ ಪಕ್ಕವೇ ನಿಂತಿದ್ದೆ. ಹಳೇ ಸಂಪಿಗೆ ಗರಸು ತುಂಬಿ ಮೇಲೆ ಕಾಂಕ್ರೀಟ್ ಹಾಕಿದೆವು. ಹೊಸ ಟ್ಯಾಂಕು ನೆಲದ ಮೇಲೆ, ಪಾಯದಿಂದ ದೂರ, ಆಗ್ನೇಯದ ಮೂಲೆಗೆ ಹೋಯಿತು. ದೊಡ್ಡಪ್ಪ ಗೃಹಪ್ರವೇಶಕ್ಕೆ ಬಂದವರು ಗೇಟಿನಲ್ಲೇ ಅದನ್ನು ನೋಡಿ ನಿಂತುಬಿಟ್ಟರು. ಹೋಳಿಗೆ ಊಟ ಮಾಡಿದರು, ಆದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಸೀಳು ಹೊಲಿದು ಗಾರೆ ಮಾಡಿದ ಮೇಲೆ ಅದೇ ಜಾಗಕ್ಕೆ ಎಂಜಿನಿಯರ್ ಹೊಸದಾಗಿ ಎರಡು ಸ್ಲೈಡ್ ಅಂಟಿಸಿದ್ದರು. ಬಣ್ಣ ಹೊಡೆಯುವ ಹುಡುಗ ಕೈಯಲ್ಲಿ ಪಟ್ಟಿ ಕತ್ತಿ ಹಿಡಿದು, "ಇವನ್ನ ಕಿತ್ತು ಹಾಕ್ಲಾ ಸಾರ್?" ಅಂತ ಕೇಳಿದ. ಬೇಡ, ಸುತ್ತ ಬಳಿ ಅಂದೆ. ಈಗ ತಿಳಿಹಳದಿ ಗೋಡೆ ಮೇಲೆ ಎರಡು ಸಣ್ಣ ಗಾಜು, ಪಕ್ಕದಲ್ಲಿ ತಾರೀಖು. ನಮ್ಮ ಬೀರು ಬಂದಾಗ ಹಮಾಲಿಗಳು ಅಭ್ಯಾಸಬಲದಿಂದ ಅದನ್ನು ಆ ಮೂಲೆಗೇ ತಳ್ಳಿಕೊಂಡು ಹೋದರು. ಹೆಂಡತಿ ಅಡುಗೆಮನೆಯಿಂದ ಓಡಿಬಂದು ಎದುರು ಗೋಡೆಗೆ ಹಾಕಿಸಿದಳು.